ನಮ್ಮ ಟ್ರೂಪಿಗೆ ಹೆಣ್ಣುಮಕ್ಕಳು ಬಂದದ್ದು

ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಮುಂದೊಂದು ದಿನ ಖಾಕಿ ಬಟ್ಟೆ ಹಾಕಿಕೊಂಡು ಮೈದಾನದಲ್ಲಿ ನಿಲ್ಲುತ್ತೀ ಎಂದು ಕೆಲಸಕ್ಕೆ ಸೇರುವಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನನ್ನನ್ನು ಕೆಡೆಟ್ ದಳದ ಆಫೀಸರ್ ಮಾಡಿದ್ದು ನನ್ನ ಧೈರ್ಯವೂ ಅಲ್ಲ, ಮೈಕಟ್ಟೂ ಅಲ್ಲ. ನನ್ನ ಹಿಂದಿ.

ನಮ್ಮ ಶಾಲೆಯ ಟ್ರೂಪ್ ಹಳೆಯದು. ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಡ್ರಿಲ್ ಮಾಸ್ಟರು ಅದನ್ನು ಕಟ್ಟಿದವರು. ಆಗ ಶಾಲೆಗೆ ಬಂದೂಕು ಸಿಗುತ್ತಿರಲಿಲ್ಲವಂತೆ. ಊರಿನ ಆಚಾರಿಯ ಕೈಯಲ್ಲಿ ಹಲಸಿನ ಮರದ ಬಂದೂಕು ಮಾಡಿಸಿ, ಅದನ್ನೇ ಹೆಗಲಿಗಿಟ್ಟುಕೊಂಡು ಹುಡುಗರು ಕವಾಯತು ಮಾಡುತ್ತಿದ್ದರಂತೆ. ಗಂಜಿತಿಳಿ ಹಾಕಿ ಒಣಗಿಸಿದ ಖಾಕಿ ಚಡ್ಡಿ ಮಳೆಗೆ ನೆನೆದರೆ ಇಡೀ ಸಾಲಿನಿಂದ ಊಟದ ವಾಸನೆ ಬರುತ್ತಿತ್ತಂತೆ. ಇದನ್ನೆಲ್ಲ ನನಗೆ ಹೇಳಿದವರು ಆ ಡ್ರಿಲ್ ಮಾಸ್ಟರ ಶಿಷ್ಯರಾಗಿದ್ದು, ಮುಂದೆ ಅದೇ ಶಾಲೆಯಲ್ಲಿ ಪಿ.ಟಿ. ಮಾಸ್ಟರಾಗಿ ಟ್ರೂಪನ್ನು ನಡೆಸಿಕೊಂಡು ಬಂದವರು. ನಾನು ಸೇರಿದಾಗ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೂಟಿನ ಹೊಳಪು ಮಾತ್ರ ಕಡಿಮೆಯಾಗಿರಲಿಲ್ಲ.

ಹೊರಗಿನವರಿಗೆ ಎಲ್ಲ ಒಂದೇ ಖಾಕಿಯಾಗಿ ಕಾಣುತ್ತದೆ. ಒಳಗೆ ಅದಕ್ಕೊಂದು ಕ್ರಮ ಇದೆ. ಮಂಗಳೂರಿನಲ್ಲಿ ಬೆಟಾಲಿಯನ್, ಅದಕ್ಕೆ ಸೈನ್ಯದ ಒಬ್ಬ ಕರ್ನಲ್ ಮುಖ್ಯಸ್ಥರು. ಅವರ ಕೆಳಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳ ಕಂಪೆನಿಗಳು, ನಮ್ಮಂಥ ಹೈಸ್ಕೂಲುಗಳ ಟ್ರೂಪುಗಳು. ಪ್ರತಿ ಟ್ರೂಪಿಗೆ ಅದೇ ಶಾಲೆಯ ಒಬ್ಬ ಅಧ್ಯಾಪಕರು ಆಫೀಸರ್. ಕವಾಯತು, ಬಂದೂಕು, ನಕ್ಷೆ ಓದುವುದು ಇವನ್ನು ಕಲಿಸಲು ಬೆಟಾಲಿಯನ್‌ನಿಂದ ಹವಾಲ್ದಾರರು ಬರುತ್ತಾರೆ. ಮಕ್ಕಳ ನಡುವೆಯೂ ಲ್ಯಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್ ಎಂಬ ದರ್ಜೆಗಳಿವೆ. ವಾರಕ್ಕೊಂದು ಪರೇಡ್, ಪರೇಡಿನ ಕೊನೆಗೆ ತಿಂಡಿ. ಅರ್ಧ ಹುಡುಗರು ದೇಶಕ್ಕಾಗಿ ಸೇರುತ್ತಾರೆ, ಉಳಿದರ್ಧ ಗೋಳಿಬಜೆಗಾಗಿ, ಎರಡೂ ಒಳ್ಳೆಯ ಕಾರಣವೇ ಎಂದು ಪಿ.ಟಿ. ಮಾಸ್ಟರು ಹೇಳುತ್ತಿದ್ದರು.

ಅವರು ನಿವೃತ್ತರಾಗುವ ವರ್ಷ ತೊಂದರೆ ಶುರುವಾಯಿತು. ಆಫೀಸರ್ ಇಲ್ಲದ ಶಾಲೆಯಲ್ಲಿ ಟ್ರೂಪ್ ಉಳಿಯುವುದಿಲ್ಲ. ಬೆಟಾಲಿಯನ್ ಅದನ್ನು ಕಾಯುತ್ತಿರುವ ಇನ್ನೊಂದು ಶಾಲೆಗೆ ಕೊಡುತ್ತದೆ. ಗಂಡಸು ಮಾಸ್ಟರುಗಳಲ್ಲಿ ಒಬ್ಬರಿಗೆ ವಯಸ್ಸು ಮೀರಿತ್ತು, ಒಬ್ಬರಿಗೆ ಮೊಣಕಾಲು ನೋವು, ಮತ್ತೊಬ್ಬರು ಕೇಳಿದ ದಿನದಿಂದ ಪಿ.ಟಿ. ಮಾಸ್ಟರನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗತೊಡಗಿದರು. ಕೊನೆಗೆ ಹೆಡ್‌ಮಾಸ್ಟರು ನನ್ನನ್ನು ಕರೆದರು.

"ಟೀಚರ್, ಕವಾಯತಿನ ಆರ್ಡರೆಲ್ಲ ಹಿಂದಿಯಲ್ಲಿ ಅಲ್ವಾ?"

"ಹೌದು ಸರ್."

"ನಿಮಗೆ ಹಿಂದಿ ಬರ್ತದೆ."

"ಬರ್ತದೆ ಸರ್. ಆದ್ರೆ ಅದು ಪಾಠದ ಹಿಂದಿ."

"ಅದು ಸಾಕು. ಉಳಿದದ್ದು ಅವ್ರು ಕಲಿಸ್ತಾರೆ."

ಪಕ್ಕದಲ್ಲೇ ನಿಂತಿದ್ದ ಪಿ.ಟಿ. ಮಾಸ್ಟರು ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು. ತಾವು ಬೆಳೆಸಿದ್ದು ತಮ್ಮೊಂದಿಗೇ ಮುಗಿಯುತ್ತದೆ ಎಂದು ಗೊತ್ತಿದ್ದವರ ಮುಖ ಅದು. ಆ ಮುಖ ನೋಡಿ ನನಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ನಮ್ಮ ಮನೆ ನರಿಕೊಂಬಿನಲ್ಲಿ, ನದಿಯ ದಡದಲ್ಲಿ. ಗಂಡ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮನೆಯಲ್ಲಿ ನಾನು, ಚಿಕ್ಕ ಮಗಳು, ಅತ್ತೆ. ನಮ್ಮದು ತುಳು ಮಾತು. ಅತ್ತೆಯನ್ನು ಮಾಮಿ ಎಂದೇ ಕರೆಯುವುದು. ಅವರಾಡಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆ ಸಂಜೆ ಅವರು ಬಸಳೆ ಹೆಚ್ಚುತ್ತಿದ್ದರು.

"ಮಾಮಿ, ನನಗೆ ಗ್ವಾಲಿಯರಿಗೆ ಹೋಗ್ಲಿಕ್ಕುಂಟು. ಟ್ರೈನಿಂಗಿಗೆ. ಕೆಲವು ತಿಂಗಳು."

"ಎಂತ ಟ್ರೈನಿಂಗ್?"

"ಮಿಲಿಟರಿಯವರದ್ದು."

ಅವರು ತಲೆ ಎತ್ತಲಿಲ್ಲ. "ಬಂದೂಕು ಬಿಡ್ಲಿಕ್ಕೆ ಕಲಿಸ್ತಾರಾ?"

"ಕಲಿಸ್ತಾರೆ."

"ಹಾಗಾದ್ರೆ ಹೋಗಿ ಬಾ. ತೋಟಕ್ಕೆ ಮಂಗ ಬರುದು ಜಾಸ್ತಿ ಆಗಿದೆ."

ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ನಾನೂ ಕೇಳಲಿಲ್ಲ, ಅವರೂ ಎತ್ತಲಿಲ್ಲ. ನೋಡಿಕೊಂಡರು.

ಗ್ವಾಲಿಯರಿನಲ್ಲಿ ನನ್ನ ಕಾಲಿಗಿಂತ ಹೆಚ್ಚು ಕಷ್ಟಪಟ್ಟದ್ದು ನನ್ನ ಭಾಷೆ. ಮೊದಲ ದಿನವೇ ಸಾಲು ತಪ್ಪಿಸಿ, ಪಠ್ಯಪುಸ್ತಕದಲ್ಲಿರುವ ಹಾಗೆ ತುಂಬ ಗೌರವದಿಂದ ಕ್ಷಮೆ ಕೇಳಿದೆ. ಕಲಿಸುತ್ತಿದ್ದ ಹೆಣ್ಣುಮಗಳು, ಪುರಾಣದ ಸೀರಿಯಲ್ಲಿನಿಂದ ನೇರ ಇಲ್ಲಿಗೆ ಬಂದೆಯಾ ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಪಸು ಬರುವ ಹೊತ್ತಿಗೆ ನನ್ನ ಹಿಂದಿಯೂ ಮೊಣಕೈಯೂ ಸಾಕಷ್ಟು ಒರಟಾಗಿದ್ದವು.

ಬಂದ ಮೇಲೆ ಪಿ.ಟಿ. ಮಾಸ್ಟರು ಒಂದು ಮಾತು ಹೇಳಿದರು. "ಇನ್ನು ಹೆಣ್ಣುಮಕ್ಕಳನ್ನೂ ಸೇರಿಸಿ ಟೀಚರ್. ನಾನು ಇಷ್ಟು ವರ್ಷ ಕೇಳ್ಲಿಲ್ಲ, ಅವರನ್ನು ಶಿಬಿರಕ್ಕೆ ಕರ್ಕೊಂಡು ಹೋಗ್ಲಿಕ್ಕೆ ನನಗೆ ಹೆದರಿಕೆ ಇತ್ತು. ನಿಮಗೆ ಆ ಹೆದರಿಕೆ ಬೇಡ." ಬೆಟಾಲಿಯನ್ ಒಪ್ಪಿತು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ಟರು ಹೇಳಿದಾಗ ನಾಲ್ಕಾರು ಕೈ ಏಳಬಹುದು ಎಂದುಕೊಂಡಿದ್ದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಕೈ ಎತ್ತದವರನ್ನೇ ಹುಡುಕಬೇಕಾಯಿತು.

ಅವರಲ್ಲೊಬ್ಬಳು ಕಕ್ಕಿಂಜೆಯ ಹುಡುಗಿ. ಬಿ.ಸಿ. ರೋಡಿನ ಹಾಸ್ಟೆಲ್ಲಿನಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದಳು. ಅವಳ ಅಪ್ಪನಿಗೆ ಗುಡ್ಡದ ಬದಿಯಲ್ಲಿ ಸ್ವಲ್ಪ ರಬ್ಬರು, ಸ್ವಲ್ಪ ಅಡಿಕೆ. ಹತ್ತಿ ಇಳಿದು ಬೆಳೆದ ಕಾಲು ಅವಳದ್ದು; ನಡೆದರೆ ನೋಡುತ್ತಲೇ ಇರಬೇಕು, ಅಷ್ಟು ಚೆಂದ, ಅಷ್ಟು ನೇರ. ನಮಗೆ ಕಲಿಸಲು ಬರುತ್ತಿದ್ದ ಹವಾಲ್ದಾರರು ಗಢವಾಲದ ಬೆಟ್ಟದವರು. ನಮ್ಮ ಊರಿನ ಬಿಸಿಲಿಗೆ ಸದಾ ಬೆವರುತ್ತ, ತುಳುವಿನಲ್ಲಿ ಕಲಿತ ಒಂದೇ ಪದ 'ಬಲೆ' ಎಂಬುದನ್ನು, ಅಂದರೆ ಬನ್ನಿ ಎಂಬುದನ್ನು, ಎಲ್ಲ ಸಂದರ್ಭಕ್ಕೂ ಬಳಸುತ್ತ ಇದ್ದವರು. ಅವರು ಹುಡುಗಿಯ ನಡಿಗೆ ನೋಡಿ ನನ್ನ ಹತ್ತಿರ ಬಂದು, ಮೂಡುಬಿದಿರೆಯ ಶಿಬಿರದ ಕವಾಯತು ಸ್ಪರ್ಧೆಗೆ ಇವಳೇ ಕಮಾಂಡರ್ ಎಂದರು.

ಇದರಿಂದ ಎರಡು ತಾಪತ್ರಯ ಬಂದವು.

ಮೊದಲನೆಯದು, ನಮ್ಮ ಸಾರ್ಜೆಂಟ್ ಹುಡುಗ. ಕನ್ಯಾನದ ಕಡೆಯವನು, ಬಿ.ಸಿ. ರೋಡಿನಲ್ಲಿ ಹೋಟೆಲ್ ಇಟ್ಟಿದ್ದ ಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದ. ಎತ್ತರದ ಆಳು, ಗುಡುಗಿನಂಥ ಸ್ವರ. ಕಮಾಂಡರ್ ತಾನೇ ಎಂದು ಅವನು ಮಾತ್ರವಲ್ಲ, ಎಲ್ಲರೂ ಎಣಿಸಿದ್ದರು. ಅವನು ಜಗಳ ಮಾಡಲಿಲ್ಲ. ಆದರೆ ಹುಡುಗಿ ಆರ್ಡರ್ ಕೊಟ್ಟಾಗಲೆಲ್ಲ ಒಂದು ಗಳಿಗೆ ತಡಮಾಡಿ ತಿರುಗುತ್ತಿದ್ದ. ಅವನ ಮಾವ ಶಾಲೆಗೇ ಬಂದರು. "ಹುಡುಗಿ ಮುಂದೆ, ಹುಡುಗರು ಹಿಂದೆ, ಇದೆಂತ ಟೀಚರ್?" ಎಂದು ಕೇಳಿದರು. ನಾನು ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಹುಡುಗಿಯ ನಡಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಡೆಯುದು ಸರಿ ಉಂಟು. ಸ್ವರ ಕೇಳುದೇ ಇಲ್ಲ," ಎಂದು ಹೊರಟುಹೋದರು.

ಅವರು ಹೇಳಿದ್ದು ನಿಜ, ಅದೇ ಎರಡನೆಯ ತಾಪತ್ರಯ. ಹುಡುಗಿಗೆ ಸ್ವರವೇ ಇರಲಿಲ್ಲ. 'ಸಾವಧಾನ್' ಎಂದರೆ ಪಕ್ಕದವಳಿಗೆ ಗುಟ್ಟು ಹೇಳಿದಂತೆ ಕೇಳುತ್ತಿತ್ತು. ಹವಾಲ್ದಾರರು ಕೈ ಕಿವಿಗಿಟ್ಟುಕೊಂಡು, ಮಗಳೇ ನಿನ್ನ ದನಿಯನ್ನು ಊರಲ್ಲೇ ಬಿಟ್ಟು ಬಂದೆಯಾ ಎಂದು ಕೇಳುತ್ತಿದ್ದರು. ಅವಳು ಇನ್ನಷ್ಟು ಕುಗ್ಗುತ್ತಿದ್ದಳು.

ಒಂದು ಆದಿತ್ಯವಾರ ಅವಳನ್ನು ಮನೆಗೆ ಊಟಕ್ಕೆ ಕರೆದೆ. ಅಂಗಳದಲ್ಲಿ ಅಭ್ಯಾಸ ಮಾಡಿಸುತ್ತಿದ್ದೆ. ಜಗಲಿಯಲ್ಲಿ ಕೂತಿದ್ದ ಅತ್ತೆ ಕೊನೆಗೆ ಎದ್ದು ಬಂದರು.

"ನೀನು ಎಲ್ಲಿಂದ ಮಾತಾಡ್ತಿ?" ಎಂದು ಹುಡುಗಿಯನ್ನು ಕೇಳಿದರು.

"ಬಾಯಿಂದ ಅಜ್ಜಿ."

"ಅದೇ ತಪ್ಪು. ಬಾ ನನ್ನೊಟ್ಟಿಗೆ."

ನದಿಯ ದಡಕ್ಕೆ ಕರೆದುಕೊಂಡು ಹೋದರು. ಅವರು ಮದುವೆಯಾಗಿ ಬಂದ ಕಾಲದಲ್ಲಿ ನದಿ ದಾಟಲು ದೋಣಿಯೇ ಗತಿ. ದೋಣಿಯವನು ಆಚೆ ದಡದಲ್ಲಿದ್ದರೆ ಈಚೆಯಿಂದ ಕೂಗಿ ಕರೆಯಬೇಕಾಗಿತ್ತು. ಹೊಸ ಸೊಸೆ, ಕೂಗಲು ನಾಚಿಕೆ. ನಾಚಿಕೆಯಲ್ಲಿ ಬಿಸಿಲಿಗೆ ನಿಂತು ತಲೆ ಸುತ್ತಿ ಬಿದ್ದ ಮೇಲೆ ಕೂಗುವುದು ಕಲಿತರಂತೆ. "ಕಾಲು ಅಗಲ ಮಾಡು. ಹೊಟ್ಟೆಯಲ್ಲಿ ಉಸಿರು ತುಂಬು. ಗಂಟಲು ಸಡಿಲ ಬಿಡು. ಆಚೆಯವನ ಮುಖ ನೋಡಿ ಕೂಗು," ಎಂದು ಹೇಳಿ, ತಾವೇ ಒಮ್ಮೆ "ಓ" ಎಂದು ಕೂಗಿದರು. ಮನೆಯಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು ಎಂಬಂತಿದ್ದ ಅತ್ತೆಯೊಳಗೆ ಅಂಥದ್ದೊಂದು ಕೂಗು ಇದೆಯೆಂದು ನನಗೂ ಗೊತ್ತಿರಲಿಲ್ಲ. ನೀರಿನ ಮೇಲೆ ಜಾರಿಕೊಂಡು ಹೋಯಿತು ಅದು.

ಆಮೇಲೆ ಹುಡುಗಿ ಕೂಗಿದಳು. ಒಮ್ಮೆ ಸೀಳಿತು, ಒಮ್ಮೆ ಮಧ್ಯದಲ್ಲೇ ನಿಂತಿತು. ಮತ್ತೊಮ್ಮೆ ಕಣ್ಣು ಮುಚ್ಚಿ "ಪರೇಡ್, ಸಾವಧಾನ್" ಎಂದಾಗ ಆಚೆ ದಡದಲ್ಲಿ ಸ್ಕೂಟರ್ ತೊಳೆಯುತ್ತಿದ್ದ ಒಬ್ಬರು ತಟ್ಟನೆ ನೆಟ್ಟಗೆ ನಿಂತು, "ಏರ್ ಅವು?" ಎಂದು ಕೂಗಿದರು, ಯಾರದು ಎಂದು. ಹುಡುಗಿ ಹೆದರಿ ಅತ್ತೆಯ ಹಿಂದೆ ಅಡಗಿದಳು. ಮೂವರೂ ನಗುತ್ತ ಮನೆಗೆ ಬಂದೆವು. ಊಟದ ಹೊತ್ತಿಗೂ ಅತ್ತೆಯ ನಗು ನಿಂತಿರಲಿಲ್ಲ.

ಮೂಡುಬಿದಿರೆಯ ಶಿಬಿರಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಮಕ್ಕಳು ಬಂದಿದ್ದರು. ಕಾಲೇಜೊಂದರ ದೊಡ್ಡ ಮೈದಾನ, ತರಗತಿಗಳಲ್ಲಿ ಚಾಪೆ ಹಾಸಿ ಮಲಗುವುದು, ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲುವುದು. ಮೊದಲೆರಡು ದಿನ ಬೆಳ್ತಂಗಡಿಯವರು ಬೆಳ್ತಂಗಡಿಯವರ ಜೊತೆ, ನಮ್ಮವರು ನಮ್ಮವರ ಜೊತೆ. ಆಮೇಲೆ ಎಲ್ಲ ಕಲಸಿಹೋದರು. ಹುಡುಗಿಯ ಸ್ವರ ಮೈದಾನದ ಆ ತುದಿಗೂ ಕೇಳುತ್ತಿತ್ತು. ಸಾರ್ಜೆಂಟ್ ಹುಡುಗ ಈಗ ತಡಮಾಡಿ ತಿರುಗುತ್ತಿರಲಿಲ್ಲ. ಅವಳೊಡನೆ ಮಾತು ಮಾತ್ರ ಆಡುತ್ತಿರಲಿಲ್ಲ.

ಸಿಕ್ಕಿದ ಸ್ವರವನ್ನು ಹುಡುಗಿ ಹಿಡಿತದಲ್ಲಿಟ್ಟುಕೊಳ್ಳಲಿಲ್ಲ. ಕಬಡ್ಡಿಗೆ ಕೂಗಿದಳು, ಹಗ್ಗ ಎಳೆಯುವವರಿಗೆ ಕೂಗಿದಳು, ಸಾಮೂಹಿಕ ಗಾಯನದಲ್ಲಿ ಎಲ್ಲರಿಗಿಂತ ಮೇಲೆ ಹಾಡಿದಳು. ಸ್ಪರ್ಧೆಯ ದಿನ ಬೆಳಿಗ್ಗೆ ಎದ್ದಾಗ ಬಾಯಿ ತೆರೆದರೆ ಬರೀ ಗಾಳಿ. ಅಡುಗೆಯವರಿಂದ ಬಿಸಿನೀರು, ಕರಿಮೆಣಸಿನ ಕಷಾಯ ತರಿಸಿ ಕುಡಿಸಿದೆ. ಏನೂ ಆಗಲಿಲ್ಲ. ಹವಾಲ್ದಾರರು ಟೋಪಿ ತೆಗೆದು ತಲೆ ಒರೆಸಿಕೊಂಡು ಕೂತುಬಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ನನ್ನ ಮುಖ ನೋಡಿದಳು.

ತೀರ್ಮಾನ ಮಾಡಿದವಳು ಅವಳೇ. ತನ್ನ ಭುಜದ ಮೇಲಿದ್ದ, ಕಮಾಂಡರ್ ಹಾಕುವ ಕೆಂಪು ಪಟ್ಟಿಯನ್ನು ಬಿಚ್ಚಿ, ಹುಡುಗರ ಸಾಲಿನತ್ತ ಹೋಗಿ, ಸಾರ್ಜೆಂಟ್ ಹುಡುಗನ ಮುಂದೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನನಗೆ ಬೇಡ," ಎಂದ.

ಅವಳು ಮತ್ತೆ ಚಾಚಿದಳು.

"ಟೀಚರ್, ಇದು ಸರಿಯಾಗುದಿಲ್ಲ," ಎಂದು ನನ್ನ ಕಡೆ ನೋಡಿದ. ಇಷ್ಟು ದಿನ ಬೇಕೆಂದಿದ್ದ ವಸ್ತು ಕೈಗೆ ಬಂದಾಗ ಆ ಹುಡುಗನ ಮುಖ ಅಳುವವನ ಹಾಗಾಗಿತ್ತು.

"ಹಾಕಿಕೋ ಮಾರಾಯ," ಎಂದೆ. "ಅವಳು ಕೊಡ್ತಾ ಇದ್ದಾಳಲ್ಲ. ಸಾಲು ನಿಲ್ಲುವ, ಹೊತ್ತಾಯ್ತು."

ಅವನು ಹಾಕಿಕೊಂಡ. ಬಲಗಡೆಯ ಮೊದಲ ಜಾಗ ಅವನದ್ದು, ಅಲ್ಲಿಗೆ ಅವಳು ಹೋಗಿ ನಿಂತಳು. ಸಾಲೆಲ್ಲ ಅವಳನ್ನು ನೋಡಿ ಹೆಜ್ಜೆ ಹಾಕಬೇಕು. ಅವನ ಸ್ವರ, ಅವಳ ನಡಿಗೆ. ಪಿ.ಟಿ. ಮಾಸ್ಟರು ಆ ದಿನ ಬಂಟ್ವಾಳದಿಂದ ಬಸ್ಸು ಹಿಡಿದು ನೋಡಲು ಬಂದಿದ್ದರು; ಗೋಡೆಯ ಬದಿಯಲ್ಲಿ ನಿಂತು, ತಮಗೆ ಗೊತ್ತಿಲ್ಲದೆಯೇ ಪ್ರತಿ ಆರ್ಡರಿಗೂ ಹಿಮ್ಮಡಿ ಕೂಡಿಸುತ್ತಿದ್ದರು. ನಾನು ಮಕ್ಕಳನ್ನು ನೋಡಿದ್ದಕ್ಕಿಂತ ಅವರನ್ನು ನೋಡಿದ್ದೇ ಹೆಚ್ಚು.

ನಮಗೆ ಎರಡನೆಯ ಸ್ಥಾನ ಬಂತು. ಮೊದಲನೆಯದು ಬೆಳ್ತಂಗಡಿಯ ಒಂದು ಶಾಲೆಗೆ, ಅದು ಸರಿಯಾಗಿಯೇ ಇತ್ತು. ಕರ್ನಲ್ ಸಾಹೇಬರು ಬಹುಮಾನಕ್ಕೆ ಕಮಾಂಡರನ್ನು ಕರೆದರು. ಹುಡುಗ ಮುಂದೆ ಹೋಗಿ, ಸೆಲ್ಯೂಟ್ ಹೊಡೆದು, ಕಪ್ಪನ್ನು ತೆಗೆದುಕೊಳ್ಳದೆ ಪಕ್ಕಕ್ಕೆ ಸರಿದ. ಮುರುಕು ಹಿಂದಿಯಲ್ಲಿ, "ಸರ್, ಕಮಾಂಡರ್ ಅವಳು. ನಾನು ಸ್ವರ ಮಾತ್ರ," ಎಂದ.

ಕರ್ನಲ್ ಸಾಹೇಬರಿಗೆ ಅರ್ಥವಾಗಲಿಲ್ಲ. ನನ್ನತ್ತ ನೋಡಿದರು. ನಾನು ಹೋಗಿ ನಡೆದದ್ದನ್ನು ಹೇಳಿದೆ. ಅವರು ಹುಡುಗಿಯನ್ನೂ ಕರೆದು ಇಬ್ಬರ ಕೈಗೂ ಕಪ್ಪು ಕೊಟ್ಟರು. ಇಬ್ಬರೂ ಅದರ ಒಂದೊಂದು ಹಿಡಿಕೆ ಹಿಡಿದುಕೊಂಡು, ಎಡಗಾಲು ಒಟ್ಟಿಗೇ ಎತ್ತಿ ಸಾಲಿಗೆ ವಾಪಸು ಬಂದರು. ನಮ್ಮ ಹಿಂದೆ ನಿಂತಿದ್ದ ಹವಾಲ್ದಾರರ ಬಾಯಿಂದ ಬಂದದ್ದು ಒಂದೇ ಪದ: "ಬಲೆ, ಬಲೆ."

ಹುಡುಗ ಈಗ ದುಬೈಯಲ್ಲಿ ಮಾವ ತೆರೆದ ಹೋಟೆಲಿನ ಪಾಲುದಾರ. ರಜೆಗೆ ಬಂದಾಗ ಶಾಲೆಗೆ ಬಂದು ಪರೇಡಿನ ಮಕ್ಕಳ ಜೊತೆ ತಿಂಡಿ ತಿನ್ನುತ್ತಾನೆ. ಪಿ.ಟಿ. ಮಾಸ್ಟರು ತೀರಿಕೊಂಡಾಗ ಅವರ ಮನೆಯವರು ಕೇಳಿದ ಮೇರೆಗೆ ನಮ್ಮ ಟ್ರೂಪ್ ಸಾಲಾಗಿ ನಿಂತು ಅವರನ್ನು ಕಳುಹಿಸಿಕೊಟ್ಟಿತು.

ಹೋದ ವರ್ಷ ಮಕ್ಕಳನ್ನು ಚಾರಣಕ್ಕೆಂದು ಬಸ್ಸಿನಲ್ಲಿ ಚಾರ್ಮಾಡಿ ಘಾಟಿಯ ಕಡೆ ಕರೆದುಕೊಂಡು ಹೋಗುತ್ತಿದ್ದೆ. ತನಿಖಾ ಠಾಣೆಯಲ್ಲಿ ಬಸ್ಸು ನಿಲ್ಲಿಸಿ ಫಾರೆಸ್ಟ್ ಗಾರ್ಡ್ ಒಬ್ಬಳು ಹತ್ತಿದಳು. ಪ್ಲಾಸ್ಟಿಕ್ ಬಾಟ್ಲಿ ಕಾಡಿಗೆ ಬಿಸಾಡಬೇಡಿ, ಮಂಗಗಳಿಗೆ ಏನೂ ಹಾಕಬೇಡಿ ಎಂದು ಮಕ್ಕಳಿಗೆ ಹೇಳುತ್ತ ಸೀಟಿನಿಂದ ಸೀಟಿಗೆ ಬಂದವಳು ನನ್ನ ಹತ್ತಿರ ನಿಂತುಬಿಟ್ಟಳು.

"ಟೀಚರ್," ಎಂದಳು. ಆಮೇಲೆ, "ಊಟ ಆಯ್ತಾ?" ಎಂದು ಕೇಳಿದಳು. ಆಗಿನ್ನೂ ಬೆಳಗಿನ ಒಂಬತ್ತು ಗಂಟೆ.

ನಾನು ಎದ್ದು ಅವಳ ಕೈ ಹಿಡಿದುಕೊಂಡೆ. ಕಕ್ಕಿಂಜೆಯ ಮನೆಯಿಂದಲೇ ದಿನಾ ಡ್ಯೂಟಿಗೆ ಬರುವುದಂತೆ, ಅಪ್ಪ ಈಗಲೂ ರಬ್ಬರು ಕಡಿದು ಹಾಲು ತೆಗೆಯುವುದು ಬಿಟ್ಟಿಲ್ಲವಂತೆ. ಡ್ರೈವರ್ ಹಾರ್ನ್ ಹೊಡೆದಾಗ, "ವಾಪಸು ಬರುವಾಗ ಇಲ್ಲೇ ನಿಲ್ಲಿಸಿ ಟೀಚರ್, ಮಕ್ಕಳಿಗೆ ಚಾ ಮಾಡಿಸಿಡ್ತೇನೆ," ಎಂದು ಇಳಿದಳು. ಸಂಜೆ ಬಂದಾಗ ಚಾ ಮಾತ್ರವಲ್ಲ, ಮನೆಯಿಂದ ಅಮ್ಮನನ್ನೂ ಕರೆಸಿ ಎಲ್ಲರಿಗೂ ಆಗುವಷ್ಟು ಬಾಳೆಹಣ್ಣಿನ ಬನ್ಸ್ ಮಾಡಿಸಿ ಇಟ್ಟಿದ್ದಳು.