ಗಾಜಿನ ಎಳೆಗೆ ಸಾಂಬ್ರಾಣಿ ಹೊಗೆ

ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿನಲ್ಲಿ ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಯೋಗಾನರಸಿಂಹನಿಗೆ ಆ ಊರಿನಲ್ಲಿ ಹೇಸಿಗೆಯಾಗದ ವಸ್ತು ಒಂದೂ ಇರಲಿಲ್ಲ. ಸಕ್ಕರೆ ಕಾರ್ಖಾನೆಯ ವಾಸನೆ ಹೇಸಿಗೆ, ಸ್ಟಾಫ್ ರೂಮಿನ ಹರಟೆ ಹೇಸಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಕುರ್ಚಿಯಲ್ಲಿ ಕೂರುವ, ಕನ್ನಡ ಪಾಠ ಹೇಳುವ ಅಂಕಯ್ಯ ಹೇಸಿಗೆ. ಬಾಯಿತುಂಬ ಎಲೆಅಡಿಕೆ, ಊಟವಾದ ಮೇಲೆ ಬಾಗಿಲಾಚೆಗೂ ಕೇಳುವ ತೇಗು. ಇಂಥವರ ನಡುವೆ ಕೂತು, ಬೆಳಕಿನ ಬಣ್ಣ ಬದಲಿಸುವ ರಾಮನ್ ಲೇಸರ್ ಕಟ್ಟಬೇಕಲ್ಲ ಎಂದು ಹಲ್ಲು ಕಡಿಯುತ್ತಿದ್ದ.

ಗಾಜನ್ನು ಕಾಯಿಸಿ ಕೂದಲಿನಷ್ಟು ಸಣ್ಣ, ಒಳಗೆ ಟೊಳ್ಳಾದ ಎಳೆಯಾಗಿ ಎಳೆಯಬೇಕು. ಅದರೊಳಗೆ ಕಾರ್ಬನ್ ಡೈಸಲ್ಫೈಡ್ ತುಂಬಬೇಕು. ಎರವಲು ತಂದ ಲೇಸರಿನ ನೀಲಿಹಸಿರು ಬೆಳಕನ್ನು ಒಂದು ತುದಿಯಿಂದ ಬಿಡಬೇಕು. ಇನ್ನೊಂದು ತುದಿಯಲ್ಲಿ ಬಣ್ಣ ಬದಲಾಗಿ ಬಂದರೆ ಗೆದ್ದಂತೆ. ಎಳೆಗಳು ಮುರಿಯುತ್ತಲೇ ಹೋದವು. ಆ ದ್ರವವೋ, ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದವರು ಕಾಳಿನ ಹುಳ ಕೊಲ್ಲಲು ಇಟ್ಟುಕೊಂಡದ್ದು. ಕೊಳೆತ ಎಲೆಕೋಸಿನ ನಾತ. ಹಿತ್ತಲಲ್ಲಿ ಸ್ನಾನ ಮಾಡಿದ ಹೊರತು ಹೆಂಡತಿ ಆಂಡಾಳ್ ಅವನನ್ನು ಒಳಗೆ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಅಚ್ಚ ಹಸಿರು ಬಂದೇಬಂತು. ಮರುದಿನ ಮೈಸೂರಿನಿಂದ ಅವನ ಗೈಡ್ ಪ್ರೊಫೆಸರು ಅದನ್ನು ಅಳೆಯಲು ಬರುವವರಿದ್ದರು. ಅವರು ಒಪ್ಪಿದರೆ ಡಾಕ್ಟರೇಟು, ಆಮೇಲೆ ಈ ಊರಿಗೊಂದು ದೊಡ್ಡ ನಮಸ್ಕಾರ.

ಸೋಮವಾರ ಬೆಳಿಗ್ಗೆ ಅಂಕಯ್ಯ ಮೂಗು ಮುಚ್ಚಿಕೊಂಡು ಕಾಲೇಜಿನ ಪ್ರಯೋಗಾಲಯಕ್ಕೆ ಬಂದು, ಅದೇನು ನಾತ, ದೊಡ್ಡವರು ಬರುವ ಹೊತ್ತಿಗೆ ಹೋಗಿಸಬಾರದೇ ಎಂದು ಕೇಳಿದ. ನಿಮಗೆ ಹೇಳಿ ಏನು ಪ್ರಯೋಜನ ಎಂದು ಮುಖ ಸಿಂಡರಿಸಿದ ಯೋಗಾನರಸಿಂಹ, ಆ ದ್ರವದ ಬಾಟಲಿಯ ಬಿರಡೆಯನ್ನೂ ಸರಿಯಾಗಿ ಮುಚ್ಚದೆ ಪ್ರೊಫೆಸರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಓಡಿದ.

ಅಂಕಯ್ಯ ಎಲ್ಲರ ಮನೆಯಲ್ಲೂ ಮಾಡುವುದನ್ನೇ ಮಾಡಿದ. ಎದುರಿನ ಹೋಟೆಲಿನಿಂದ ಕೆಂಡ ತಂದು, ಸಾಂಬ್ರಾಣಿ ಹಾಕಿ, ಮೂಲೆಮೂಲೆಗೂ ಹೊಗೆ ಹಿಡಿದ. ಬಾಟಲಿಯ ಹತ್ತಿರ ಬರುತ್ತಲೇ ಭಗ್ಗೆಂದು ಹೊತ್ತಿಕೊಂಡಿತು.

ಅವರಿಬ್ಬರೂ ಬಂದು ನೋಡಿದರೆ ಮೇಜು ಕರಕಲು, ಎಳೆ ಚೂರುಚೂರು. ಮೆಟ್ಟಿಲ ಮೇಲೆ ಕೂತಿದ್ದ ಅಂಕಯ್ಯನ ಬಲಗೈ ಮೊಣಕೈವರೆಗೆ ಸುಟ್ಟು ಚರ್ಮ ಸುಲಿದಿತ್ತು. ಅದನ್ನು ಕಂಡೂ ಯೋಗಾನರಸಿಂಹ ಗಮಾರ ಎಂದು ಬಾಯಿಬಿಟ್ಟು ಬೈದ. ಪ್ರೊಫೆಸರು ಅವನ ಕಡೆ ತಿರುಗಿ, ಇದು ಬಲು ಬೇಗ ಬೆಂಕಿ ಹತ್ತುವ ವಸ್ತುವೆಂದು ಇಲ್ಲಿಯವರಿಗೆ ಹೇಳಿದ್ದಿರೋ ಇಲ್ಲವೋ ಎಂದು ಕೇಳಿದರು. ಹೇಳಿರದಿದ್ದರೆ ಇಂದಿಗೇ ನನ್ನ ಕೈಕೆಳಗಿನ ನಿಮ್ಮ ಕೆಲಸ ಮುಗಿಯಿತು ಎಂದರು.

ಯೋಗಾನರಸಿಂಹ ಕರಕಲಾದ ಮೇಜಿನ ಕಡೆ ತಿರುಗಿದ.

"ಯೋಳಿದ್ರು ಸಾರ್," ಎಂದ ಅಂಕಯ್ಯ. "ನಾನೇ ಮರ್ತ್‌ಬುಟ್ಟೆ."

ಪ್ರೊಫೆಸರು ನಿಜವೇ ಎಂಬಂತೆ ನೋಡಿದರು. ಯೋಗಾನರಸಿಂಹ ಆ ಸುಟ್ಟ ಕೈಯನ್ನು ನೋಡಲಾರದೆ, ಹೌದೆಂದು ತಲೆಯಾಡಿಸಿದ. ತನ್ನನ್ನು ನೆನೆದೇ ಅವನಿಗೆ ವಾಕರಿಕೆ ಬಂತು.