ಬೆಟ್ಟದ ಫೋಟೋ, ಪಕ್ಕದ ಮೊಳೆ

ಮೊನ್ನೆ ಕ್ಯಾಮೆರಾ ಬ್ಯಾಗಿನ ತಳದಲ್ಲಿ ಒಂದು ತುಂಡು ರೇಷ್ಮೆ ಬಟ್ಟೆ ಸಿಕ್ಕಿತು. ಲೆನ್ಸ್ ಒರೆಸಿಕೋ ಎಂದು ಸ್ಟುಡಿಯೋ ಮಾವ ಕೊಟ್ಟಿದ್ದು. ಮೂಗಿಗೆ ಹಿಡಿದರೆ ಇನ್ನೂ ಅವರ ನಶ್ಯದ ವಾಸನೆ...

ಕನಕಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ರಕ್ತಸಂಬಂಧವಲ್ಲ, ಬಾಯಿಮಾತಿನ ಮಾವ. ಮದುವೆ ಸೀಸನ್ನಿನಲ್ಲಿ ನಾನೂ ಅವರ ಜೊತೆ ಫೋಟೋ ತೆಗೆಯಲು ಹೋಗುತ್ತಿದ್ದೆ. ಗ್ರೂಪ್ ಫೋಟೋದಲ್ಲಿ ಒಬ್ಬ ಸೋದರತ್ತೆ ಬಿಟ್ಟುಹೋದರೂ ಛತ್ರವೇ ಜಗಳಕ್ಕೆ ಎದ್ದು ನಿಲ್ಲುತ್ತಿತ್ತು. ಆ ಭಯವನ್ನು ನಾನು ಬೆಟ್ಟದವರೆಗೂ ಹೊತ್ತುಕೊಂಡು ಹೋದೆ.

ಮದುವೆಗಳಿಲ್ಲದ ಆಷಾಢದಲ್ಲಿ ಇಬ್ಬರೂ ಅವರ ಸ್ಕೂಟರಿನಲ್ಲಿ ಕಬ್ಬಾಳಿನ ಬೆಟ್ಟಕ್ಕೆ ಹೋಗುತ್ತಿದ್ದೆವು. ಮೊದಲ ಸಲ ನಾನು ತೆಗೆದ ಫೋಟೋದಲ್ಲಿ ಬೆಟ್ಟ, ಗುಡಿ, ತೆಂಗಿನ ಮರ, ಕರೆಂಟು ಕಂಬ, ಎಮ್ಮೆಗಳು ಎಲ್ಲವೂ ಇದ್ದವು. ಮಾವ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನವ್ವಾ, ಬೆಟ್ಟಕ್ಕೂ ಮದ್ವೆ ಮಾಡ್ಬುಟ್ಟಿದ್ದೀಯ! ಒಬ್ಬೊಬ್ರನ್ನೇ ಆಚೆಗೆ ಕಳ್ಸು. ಯಾರ್ನ ಬುಟ್ರೂ ಬೆಟ್ಟ ಮುನಿಸ್ಕೊಳಲ್ಲ."

ಕಂಬ ಹೋಯಿತು, ಗುಡಿ ಹೋಯಿತು, ಎಮ್ಮೆಗಳು ತಾವಾಗಿಯೇ ಹೋದವು. ಕೊನೆಗೆ ಒಂದು ಬಂಡೆ, ಅದರ ಮೇಲೆ ಬರೀ ಆಕಾಶ ಉಳಿಯಿತು. ಕ್ಯಾಮೆರಾದಲ್ಲಿ ನೋಡಿದರೆ ಬಲ ಅಂಚಿನಲ್ಲಿ ಮಾವನ ಮೊಣಕೈ ಮಾತ್ರ ಇಣುಕುತ್ತಿತ್ತು. ನಾನು ಬಾಯಿ ಬಿಡುವ ಮೊದಲೇ, "ತಡಿ, ನಾನೊಬ್ಬ ಅಡ್ಡ ಇವ್ನಿ" ಎಂದು ಸರಿದು ನಿಂತರು. ಆಮೇಲೆ ಪ್ರತಿ ಸಲವೂ ಹಾಗೆಯೇ. ಅವರ ಮೇಲೆ ನನಗೆ ಎಷ್ಟು ಅಕ್ಕರೆಯಿತ್ತೆಂದರೆ, ಆಷಾಢ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಹೋದ ವರ್ಷ ಮಾವ ತೀರಿಕೊಂಡರು. ಊರಿನ ಅರ್ಧ ಜನರ ಮದುವೆ ಫೋಟೋ ತೆಗೆದವರ ಮನೆಯ ಗೋಡೆಗೆ ಹಾಕಲು ಅವರದೇ ಒಂದು ಫೋಟೋ ಇರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನ ಮಸುಕು ಮುಖ. ಅದನ್ನು ದೊಡ್ಡದು ಮಾಡಿಸಲು ಮಾವನ ಹೆಂಡತಿ, ನಮ್ಮ ಅತ್ತೆ, ಒಪ್ಪಲಿಲ್ಲ. "ಇದು ಅವ್ರಲ್ಲ ಕಣವ್ವ. ನಿನ್ ತಾವ ಇರ್ಬೇಕು, ಹುಡುಕು" ಎಂದರು.

ಇದ್ದಬದ್ದ ಫೋಟೋಗಳನ್ನೆಲ್ಲ ಜಾಲಾಡಿದೆ. ಬಂಡೆ, ಆಕಾಶ, ಬಂಡೆ, ಆಕಾಶ... ಅಳುವೇ ಬಂತು. ಕಡೆಗೆ ಬರಿಗೈಯಲ್ಲಿ ಹೋಗಲಾರದೆ ಆ ಮೊದಲ ಬಂಡೆಯ ಫೋಟೋಗೇ ಕಟ್ಟು ಹಾಕಿಸಿ ಒಯ್ದೆ. ಮಾವ ಸರಿದು ನಿಂತ ಕಥೆಯನ್ನೂ ಹೇಳಿದೆ.

ಅತ್ತೆ ಬಹಳ ಹೊತ್ತು ನೋಡಿದರು. "ಯಾವ್ ಕಡೆ ನಿಂತಿದ್ರು?"

"ಬಲಗಡೆ, ಅತ್ತೆ."

"ಹಂಗಾರೆ ಆ ಕಡೆ ಇನ್ನೊಂದು ಮೊಳೆ ಹೊಡಿ."

ಈಗ ಅತ್ತೆ ಹೂವನ್ನು ಫೋಟೋಗೆ ಹಾಕುವುದಿಲ್ಲ. ಪಕ್ಕದ ಖಾಲಿ ಗೋಡೆಯ ಆ ಮೊಳೆಗೆ ಹಾಕುತ್ತಾರೆ.

ಇವತ್ತು ಆ ರೇಷ್ಮೆ ತುಂಡು ಹಿಡಿದು ಫೋಟೋದ ಗಾಜು ಒರೆಸಲು ಹೋಗಿದ್ದೆ. ಮಾವ ಇಲ್ಲ, ಇನ್ನು ಬರುವುದೂ ಇಲ್ಲ, ಗೊತ್ತು. ಆದರೂ ಮೊಳೆಗೆ ಅಡ್ಡ ನಿಂತಿದ್ದೇನೆ ಎಂದು ಕಂಡ ಕೂಡಲೇ ಎಡಕ್ಕೆ ಸರಿದುಕೊಂಡೆ.