ಕೂರಲು ಹೇಳದ ಮೇಡಂ

ಗೆಳೆಯರೇ, ನಮ್ಮ ಸಂಡೂರಿನ ಹೈಸ್ಕೂಲಿನಲ್ಲಿ ಅದಿರಿನ ಧೂಳಿಗೆ ಹೆದರಿ ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರ್ ಇವತ್ತು ಮೊದಲ ಸಲ ಇಂಗ್ಲಿಷ್ ಮಾತಾಡಿತು. ಹೊಸಪೇಟೆಯ ಸೈಬರ್ ಕೆಫೆಯಲ್ಲಿ ಇಂಟರ್‌ನೆಟ್‌ನಿಂದ ಇಳಿಸಿ, ಸಿಡಿಗೆ ಹಾಕಿಸಿ ನಾನು ತಂದ ಪಾಠ ಅದು. ಕೋಣೆಯ ಬೀಗದ ಕೈ ಕೊಡುವಾಗಲೇ ಹೆಡ್‌ಮಾಸ್ತರರು ಎಚ್ಚರಿಸಿದ್ದರು: "ಹುಡುಗ್ರು ಗದ್ದಲ ಮಾಡಿದ್ರ ಇದು ಇವತ್ತಿಗೇ ಬಂದ್ ನೋಡ್ರಿ."

ಸಿಡಿಯೊಳಗಿನ ಹೆಂಗಸು "ಗುಡ್ ಮಾರ್ನಿಂಗ್" ಎಂದಳು. ಇಡೀ ಒಂಬತ್ತನೆಯ ತರಗತಿ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದಿತು. ಪಾಠ ಮುಂದುವರಿಯಿತು, ಆದರೆ ಯಾರೂ ಕೂರಲಿಲ್ಲ. ಕೂರಿ ಎಂದು ನಾನು ಕೈಸನ್ನೆ ಮಾಡಿದೆ. ಮುಂದಿನ ಬೆಂಚಿನ ರೇಣುಕಾ ಪಿಸುಗುಟ್ಟಿದಳು: "ಮೇಡಂ ಇನ್ನಾ ಕುಂದ್ರು ಅಂದಿಲ್ಲಲ್ರಿ ಸರ್!"

ಅಷ್ಟರಲ್ಲಿ ಹೆಡ್‌ಮಾಸ್ತರರು ಕಿಟಕಿಯ ಬಳಿ ಬಂದರು. ಕೈಕಟ್ಟಿ ನಿಂತು ಕೇಳುತ್ತಿದ್ದ ಮಕ್ಕಳನ್ನು ಕಂಡು ಅವರ ಮುಖ ಅರಳಿತು. "ಭಾಳ ಶಿಸ್ತು ಐತಲ್ರಿ! ನಿಮ್ಮ ಪಾಠಕ್ಕ ಯಾವತ್ತೂ ಹಿಂಗ ಇರಂಗಿಲ್ಲ. ಬೀಗದ ಕೈ ನಿಮ್ಮ ಹತ್ರನ ಇರ್ಲಿ."

ನಾನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಈಗ ಮನೆಯಲ್ಲಿ ಕೂತು ಉಳಿದ ಪಾಠಗಳನ್ನೆಲ್ಲ ಕೇಳುತ್ತಿದ್ದೇನೆ, ಆ ಮೇಡಂ ಎಲ್ಲಾದರೂ ಒಂದು ಸಲ "ಸಿಟ್ ಡೌನ್" ಅನ್ನುತ್ತಾರೇನೋ ಎಂದು.